ಮಗುವಿನ ತಲೆಯ ಎರಡು ಗೆರೆಗಳು

ಈಶಾನ್, ಮೈತ್ರಿ,

ಹೋದ ತಿಂಗಳು ಈಶಾನ್ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಜಾರಿ ಬಿದ್ದಾಗ ನಾವೆಲ್ಲ ಅವನ ತಲೆಯ ಸ್ಕ್ಯಾನ್ ಮಾಡಿಸಲು ಹೋಗಿದ್ದೆವಲ್ಲ, ಅಲ್ಲಿ ನಡೆದದ್ದನ್ನು ನೆನೆದು ನೀವಿಬ್ಬರೂ ಇನ್ನೂ ನಗುತ್ತೀರಿ. ಡಾಕ್ಟರು ಕಂಪ್ಯೂಟರನ್ನು ನಮ್ಮ ಕಡೆಗೆ ತಿರುಗಿಸಿದರು. ತಲೆಬುರುಡೆಯ ಹಿಂಭಾಗದಲ್ಲಿ ಒಂದು ಗೆರೆ ಕಂಡು ನಿಮ್ಮ ಅಮ್ಮ, "ಅಯ್ಯೋ, ಇದೇನು ಕ್ರ್ಯಾಕಾ?" ಎಂದು ಕೂಗಿದಳು. ಡಾಕ್ಟರು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ಕುಳಿತಿದ್ದ ನಾನು, "ಅಲ್ಲಮ್ಮ, ಅದು ಮೂಳೆ ಮೂಳೆ ಸೇರುವ ಜೋಡಣೆ. ಆ ಕಡೆಯೂ ಇರುತ್ತೆ ನೋಡು" ಎಂದುಬಿಟ್ಟೆ. ಡಾಕ್ಟರು ಬೆರಗಾಗಿ, "ಆಂಟಿ ಭೀ ಡಾಕ್ಟರ್ ಹೈ ಕ್ಯಾ?" ಎಂದು ಕೇಳಿದರು. ಮೈತ್ರಿ, ನೀನು "ಅಜ್ಜೀ, ನಿಮಗೆ ಹೇಗೆ ಮಾಲೂಮ್?" ಎಂದೆ. ನೀರು ಕುಡಿದು ಬರುತ್ತೇನೆಂದು ನಾನು ಹೊರಗೆ ಹೋದೆ.

ಹೊರಗೆ ಆಗತಾನೇ ಫಿನೈಲು ಹಾಕಿ ನೆಲ ಒರೆಸಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ನಾನು ಹಾಸನದ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಈಗಲೂ ಆಗದು. ಮೈತ್ರಿ ಕೇಳಿದ್ದಕ್ಕೆ ಬಾಯಲ್ಲಿ ಉತ್ತರ ಹೇಳಲಾರೆ. ಬರೆಯಬಲ್ಲೆ. ನಿಮಗೆ ಕನ್ನಡ ಓದುವುದು ನಿಧಾನವೆಂದು ಅಕ್ಷರಗಳನ್ನು ದೊಡ್ಡದಾಗಿ ಬರೆಯುತ್ತಿದ್ದೇನೆ.

ಅದು ಎಂಬತ್ತೊಂಬತ್ತರ ಮಳೆಗಾಲ. ನಿಮ್ಮ ಅಪ್ಪ ಆಗ ಏಳು ತಿಂಗಳ ಕೂಸು. ನಾವು ಮಲಾಡಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಮನೆಯಲ್ಲಿದ್ದೆವು. ನಿಮ್ಮ ತಾತ ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತರು. ಬೆಳಿಗ್ಗೆ ಏಳೂಮುಕ್ಕಾಲಿನ ಲೋಕಲ್ ಹಿಡಿದರೆ ಮನೆ ಸೇರುವಾಗ ದೀಪ ಹಚ್ಚಿರುತ್ತಿತ್ತು. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ, ಎಂದರೆ ನಿಮ್ಮ ಮುತ್ತಜ್ಜಿ. ಮದುವೆಯಾಗಿ ಆರು ವರ್ಷದ ಮೇಲೆ ಹುಟ್ಟಿದ ಮಗು. ಆ ಆರು ವರ್ಷಗಳಲ್ಲಿ ನಾನು ಏನೇನು ಕೇಳಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅತ್ತೆ ಕೆಟ್ಟವರಲ್ಲ. ಆದರೆ ಮಗು ಬಂದ ಮೇಲೆ ಅದು ಅವರ ಮಗುವಾಯಿತು, ನಾನು ಹಾಲು ಕೊಡುವವಳಾದೆ. "ಜಯಾ, ಹಾಗೆ ಎತ್ಕೋಬೇಡ, ಕತ್ತು ಉಳುಕುತ್ತೆ. ಜಯಾ, ನಿಂಗೆ ಗೊತ್ತಾಗಲ್ಲ, ಇಲ್ಲಿ ಕೊಡು." ದಿನವೆಲ್ಲ ಇದೇ.

ಎಣ್ಣೆಸ್ನಾನದ ಮಟ್ಟಿಗೆ ಮಾತ್ರ ಅತ್ತೆ ತಮ್ಮ ಕೈಯನ್ನೂ ನಂಬುತ್ತಿರಲಿಲ್ಲ. ಅದಕ್ಕೆ ಹೌಸಾಬಾಯಿ ಬರುತ್ತಿದ್ದಳು. ಸ್ಟೇಷನ್ನಿನ ಆಚೆ ವಠಾರದಂಥ ಚಾಳಿನಲ್ಲಿದ್ದ ವಯಸ್ಸಾದ ಮರಾಠಿ ಹೆಂಗಸು. ಬಾಣಂತಿಯರಿಗೂ ಕೂಸುಗಳಿಗೂ ಮಾಲೀಶು ಮಾಡಿ ನೀರು ಹಾಕುವುದು ಅವಳ ಕೆಲಸ. ಮೋರಿಯ, ಎಂದರೆ ಮನೆಯೊಳಗಿನ ಬಚ್ಚಲ, ಪಕ್ಕದಲ್ಲಿ ಕುಳಿತು ಎರಡೂ ಕಾಲು ನೀಡಿ, ಮಗುವನ್ನು ಮೊಣಕಾಲ ಕೆಳಗೆ ಮಲಗಿಸಿಕೊಂಡು, ಬಿಸಿ ಕೊಬ್ಬರಿ ಎಣ್ಣೆಯಲ್ಲಿ ಕೈಯಾಡಿಸುತ್ತಿದ್ದಳು. ಕೊನೆಗೆ ಎರಡು ಅಂಗೈಗಳ ನಡುವೆ ತಲೆಯನ್ನು ಹಿಡಿದು ಸುತ್ತಲೂ ಮೆಲ್ಲಗೆ ನೀವುತ್ತಿದ್ದಳು, ತಲೆ ದುಂಡಗಾಗಲಿ ಎಂದು. ಮಗು ಅವಳ ಕಾಲಿನ ಮೇಲೆ ಅಳುತ್ತಿರಲಿಲ್ಲ. ನನ್ನನ್ನು ಅವಳು "ಸೂನ್‌ಬಾಯಿ" ಎಂದು ಕರೆಯುತ್ತಿದ್ದಳು, ಸೊಸೆಯಮ್ಮ ಎಂದು.

ಜುಲೈ ತಿಂಗಳ ಒಂದು ಭಾನುವಾರ ಹೌಸಾಬಾಯಿ ಬರಲಿಲ್ಲ. ಅವಳ ಚಾಳಿಗೆ ನೀರು ನುಗ್ಗಿದೆ ಎಂದು ಹಾಲಿನವನು ಹೇಳಿದ. ಪಕ್ಕದ ಬಿಲ್ಡಿಂಗಿನಲ್ಲಿ ನಮ್ಮ ಕಡೆಯವರ ಭಜನೆಯಿತ್ತು. ಅತ್ತೆ ಹೊರಡುವಾಗ, "ಇವತ್ತು ಒದ್ದೆಬಟ್ಟೇಲಿ ಮೈ ಒರೆಸಿಬಿಡು ಸಾಕು. ನೀನು ನೀರು ಹಾಕಕ್ಕೆ ಹೋಗ್ಬೇಡ ಕಣೇ" ಎಂದು ಎರಡು ಸಲ ಹೇಳಿದರು. ನಿಮ್ಮ ತಾತ ರೇಷನ್ನಿಗೆ ಹೋಗಿದ್ದರು.

ಮನೆಯಲ್ಲಿ ನಾನೂ ಮಗುವೂ ಇಬ್ಬರೇ ಇದ್ದದ್ದು ಅದೇ ಮೊದಲು ಎನ್ನಿ. ನನಗೆ ಏನೋ ಆಸೆಯಾಯಿತು. ನೀರು ಕಾಯಿಸಿದೆ, ಎಣ್ಣೆ ಬೆಚ್ಚಗೆ ಮಾಡಿದೆ, ಹೌಸಾಬಾಯಿಯ ಹಾಗೆಯೇ ಕಾಲು ನೀಡಿ ಕುಳಿತೆ. ಎಲ್ಲ ಚೆನ್ನಾಗಿಯೇ ಆಯಿತು. ಮಗು ನನ್ನನ್ನು ನೋಡಿ ನಕ್ಕಿತು ಕೂಡ. ನೀರು ಹಾಕಿ ಮುಗಿಸಿ ಟವೆಲಿಗೆಂದು ಒಂದು ಕೈ ಚಾಚಿದೆ. ಎಣ್ಣೆಯ ಮೈ ಇನ್ನೊಂದು ಕೈಯಿಂದ ಮೀನಿನ ಹಾಗೆ ನುಣುಚಿಕೊಂಡಿತು. ಮೋರಿಯ ಅಂಚಿಗೆ ಕಡಪ ಕಲ್ಲು ಕಟ್ಟಿದ್ದರು. ತಲೆ ಅದಕ್ಕೆ ತಗುಲಿದ ಸದ್ದು ದೊಡ್ಡದೇನಲ್ಲ. ತೆಂಗಿನ ಚಿಪ್ಪನ್ನು ನೆಲಕ್ಕೆ ಇಟ್ಟಷ್ಟು. ಅದು ಈಗಲೂ ನನ್ನ ಕಿವಿಯಲ್ಲಿದೆ.

ಮಗು ಒಂದು ಕ್ಷಣ ಉಸಿರು ಕಟ್ಟಿ, ಆಮೇಲೆ ಕಿಟಾರನೆ ಅತ್ತಿತು. ಎದೆಗೆ ಹಾಕಿಕೊಂಡೆ. ಹಾಲು ಕುಡಿಯಿತು, ಮಲಗಿತು. ರಕ್ತ ಬಂದಿರಲಿಲ್ಲ. ನೆತ್ತಿಗೆ ಸ್ವಲ್ಪ ಎಡಗಡೆ, ಕೂದಲ ಒಳಗೆ, ಬೆರಳಿಟ್ಟು ನೋಡಿದೆ. ಏನೂ ಇಲ್ಲ ಎಂದುಕೊಂಡೆ. ಅತ್ತೆ ಬಂದು, "ಸ್ನಾನ ಮಾಡಿಸಿದೆಯಾ?" ಎಂದರು. "ಇಲ್ಲ, ಒರೆಸಿದೆ" ಎಂದೆ. ಅಷ್ಟೇ. ಆ ಒಂದು ಮಾತು ಆಡಿಬಿಟ್ಟ ಮೇಲೆ ಮುಂದಿನ ಎಲ್ಲ ಮಾತುಗಳಿಗೂ ಅದೇ ಬಾಗಿಲು ಹಾಕಿತು.

ಸೋಮವಾರ ಹೌಸಾಬಾಯಿ ಬಂದಳು. ತಲೆಯನ್ನು ನೀವುತ್ತಿದ್ದ ಅವಳ ಕೈ ಎಡಗಡೆ ಬಂದು ನಿಂತಿತು. ನಾನು ಬಿಸಿನೀರಿನ ತಪ್ಪಲೆ ಹಿಡಿದು ಪಕ್ಕದಲ್ಲೇ ಇದ್ದೆ. ಅತ್ತೆ ಅಡುಗೆಮನೆಯಲ್ಲಿದ್ದರು.

"ಬಾಳ್ ಪಡ್ಲಂ ಕಾಯ್ ಗ?" ಮಗು ಬಿತ್ತಾ ಎಂದು ತಗ್ಗಿದ ದನಿಯಲ್ಲಿ ಕೇಳಿದಳು.

ಇಲ್ಲ ಎಂದು ತಲೆಯಾಡಿಸಿದೆ. ಅವಳು ನನ್ನನ್ನೇ ನೋಡಿದಳು. ಆ ಜಾಗವನ್ನು ಬಿಟ್ಟು ಉಳಿದ ಕಡೆ ಎಣ್ಣೆ ಹಚ್ಚಿ ಎದ್ದಳು.

ಮಂಗಳವಾರ ಬೆಳಗಿನ ಜಾವದಿಂದ ಮಗು ಮೂರು ಸಲ ವಾಂತಿ ಮಾಡಿತು. ಎಬ್ಬಿಸಿದರೆ ಕಣ್ಣು ತೆರೆದು ಮತ್ತೆ ಜೋಲುತ್ತಿತ್ತು. ನಮ್ಮ ಬೀದಿಯ ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, "ಎಲ್ಲಾದ್ರೂ ಬಿದ್ದಿತ್ತಾ?" ಎಂದರು. ಅತ್ತೆ ರೇಗಿದರು: "ಬೀಳೋದೆಲ್ಲಿಂದ ಬಂತು ಡಾಕ್ಟ್ರೇ? ನೆಲಕ್ಕೆ ಬಿಟ್ರೆ ತಾನೇ! ಇಪ್ಪತ್ನಾಲ್ಕು ಗಂಟೆ ನನ್ನ ಮಡಿಲಲ್ಲೇ ಇರತ್ತೆ." ನಾನು ಸೆರಗಿನ ತುದಿ ಹಿಂಡುತ್ತಾ ನಿಂತಿದ್ದೆ. ಡಾಕ್ಟರು ಚೀಟಿ ಬರೆದುಕೊಟ್ಟು, ಬೈಕುಲ್ಲಾದ ದೊಡ್ಡ ಆಸ್ಪತ್ರೆಗೆ ಹೋಗಿ, ಅಲ್ಲಿ ತಲೆಯ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ, ತಡಮಾಡಬೇಡಿ ಎಂದರು.

ರಸ್ತೆಯಲ್ಲಿ ಮೊಣಕಾಲುದ್ದ ನೀರು. ಟ್ಯಾಕ್ಸಿ ಯಾವುದೂ ಒಪ್ಪಲಿಲ್ಲ. ಲೋಕಲ್ ಹತ್ತಿದೆವು. ಮಾಹಿಮಿಗೆ ಮೊದಲು ಗಾಡಿ ನಿಂತಿತು. ಹಳಿಯ ಮೇಲೆ ನೀರಂತೆ. ಅರ್ಧ ಗಂಟೆ ನಿಂತೇ ಇತ್ತು. ಡಬ್ಬಿಯೊಳಗೆ ಒದ್ದೆ ಛತ್ರಿಗಳ ವಾಸನೆ, ಉಸಿರಾಡಲೂ ಜಾಗವಿಲ್ಲ. ನಾನು ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ಎಣಿಸುತ್ತಿದ್ದೆ. ಐದು ಉಸಿರಿಗೆ ಒಂದು ಸಲ, ಈಗ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ನಿಮ್ಮ ತಾತ ಬಾಗಿಲಿನ ಕಂಬ ಹಿಡಿದು ಹೊರಗೆ ನೋಡುತ್ತಿದ್ದರು. ಅವರು ಒಂದು ಸಲ ನನ್ನ ಕಡೆ ತಿರುಗಿ, "ಹೆದರಬೇಡ ಜಯಾ" ಎಂದರು. ಆ ಮಾತಿನಿಂದ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಆಸ್ಪತ್ರೆಯಲ್ಲಿ ಮಗುವಿಗೆ ನಿದ್ದೆ ಬರಲು ಒಂದು ಸಿರಪ್ ಕುಡಿಸಿದರು. ಸ್ಕ್ಯಾನಿನ ಕೋಣೆ ಫ್ರಿಜ್ಜಿನ ಒಳಗಿನಂತೆ ತಣ್ಣಗಿತ್ತು. ನನಗೆ ಸೀಸ ತುಂಬಿದ ಭಾರದ ಏಪ್ರನ್ ತೊಡಿಸಿ, ಮಗುವಿನ ತಲೆಯನ್ನು ಎರಡೂ ಕೈಯಿಂದ ನೇರವಾಗಿ ಹಿಡಿದಿರಿ, ಅಲುಗಿಸಬಾರದು ಎಂದರು. ಯಂತ್ರ ಗುರುಗುಟ್ಟತೊಡಗಿತು. ಮಗುವಿನ ತಲೆ ಅಂಗೈಯಲ್ಲಿ ಒಂದು ಪಕ್ಕಕ್ಕೆ ವಾಲಿದ್ದು ಗೊತ್ತಾಯಿತು. ಸರಿಮಾಡಿದರೆ ಅಲುಗಿದಂತಾದೀತೆಂದು ಹಾಗೆಯೇ ಹಿಡಿದೆ. ಈಗಿನ ಹಾಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮುಗಿಯುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ನಮ್ಮನ್ನು ಒಳಗೆ ಕರೆದರು. ದೊಡ್ಡ ಕರಿ ಫಿಲ್ಮಿನ ಮೇಲೆ ಸಾಲು ಸಾಲಾಗಿ ಸಣ್ಣ ಚಿತ್ರಗಳು. ಒಂದು ಚಿತ್ರದಲ್ಲಿ ತಲೆಬುರುಡೆಯ ಬಿಳಿ ಬಳೆಯ ಹಿಂಭಾಗ, ಬಲಗಡೆ, ಒಂದು ಕಡೆ ಸೀಳಿತ್ತು. ಎಡಗಡೆ ಬಿಳಿ ಬಳೆ ಪೂರ್ತಿಯಾಗಿತ್ತು. "ಯೇ ದೇಖಿಯೇ, ಫ್ರ್ಯಾಕ್ಚರ್" ಎಂದರು. ಮೂಳೆ ಒಳಗೆ ಕುಸಿದಿದ್ದರೆ ಆಪರೇಷನ್ ಬೇಕಾದೀತು, ದೊಡ್ಡ ಡಾಕ್ಟರು ಬಂದು ನೋಡಬೇಕು ಎಂದರು. ಆಮೇಲೆ ಪೆನ್ನು ತೆಗೆದು, ಮಗುವಿನ ತಲೆ ಯಾರು ಮುಟ್ಟುತ್ತಾರೆ ಎಂದು ವಿಚಾರಿಸಿದರು.

ಅತ್ತೆಯ ಮುಖ ಬಿಳುಚಿತ್ತು. "ಮಾಲೀಶ್ ಬಾಯಿ" ಎಂದರು. "ತಲೆ ಒತ್ತುತ್ತಾಳೆ, ದಿನಾ ಒತ್ತುತ್ತಾಳೆ. ನಾನೇ ಒತ್ತು ಅಂದಿದ್ದು." ಅವರು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಡಾಕ್ಟರು ಅದನ್ನು ಕೇಸ್ ಪೇಪರಿನಲ್ಲಿ ಬರೆದುಕೊಂಡರು. ಹೆಸರು ಕೇಳಿದರು. ಅತ್ತೆ ಹೇಳಿದರು. ಇಂಥ ಕೇಸಾದರೆ ಪೊಲೀಸರಿಗೆ ತಿಳಿಸುವುದು ನಿಯಮ, ಸಂಜೆ ಒಬ್ಬ ಹವಾಲ್ದಾರ ಬಂದು ವಿಚಾರಿಸುತ್ತಾನೆ ಎಂದರು.

ನಿಮ್ಮ ತಾತ ಗೋಡೆಗೆ ಒರಗಿ, "ನಾನು ಎಷ್ಟು ಸಲ ಹೇಳ್ದೆ ನಿಂಗೆ, ಅವಳ ಕೈ ಒರಟು ಅಂತ?" ಎಂದು ನನ್ನ ಮೇಲೆ ಹರಿಹಾಯ್ದರು. ಅವರು ಎಂದೂ ಹಾಗೆ ಹೇಳಿರಲಿಲ್ಲ.

ನನ್ನ ಗೊಂದಲ ನಿಮಗೆ ಅರ್ಥವಾಗಬೇಕು. ಮಗುವಿಗೆ ಕಲ್ಲು ತಗುಲಿದ್ದು ನೆತ್ತಿಯ ಎಡಗಡೆಗೆ. ಒಡೆದದ್ದು ಕಾಣುತ್ತಿರುವುದು ಹಿಂದಲೆಯ ಬಲಗಡೆ. ಹಾಗಾದರೆ ಇದು ನನ್ನಿಂದ ಆದದ್ದಲ್ಲವೇನೋ, ನಿಜವಾಗಿ ಹೌಸಾಬಾಯಿಯ ಕೈಯಿಂದಲೇ ಆಯಿತೇನೋ ಎಂದು ಮನಸ್ಸು ಒಂದು ಸಲ ಆ ಕಡೆ ಹಾರಿತು. ಹಾರಿದ್ದು ನಿಜ. ಅದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದು ಏನು ಪ್ರಯೋಜನ? ಮಧ್ಯಾಹ್ನವೆಲ್ಲ ಫಿನೈಲು ನಾರುವ ಆ ಪಡಸಾಲೆಯಲ್ಲಿ, ಮಡಿಲಲ್ಲಿ ಮಲಗಿದ್ದ ಮಗುವಿನ ತಲೆಯನ್ನು ನೋಡುತ್ತಾ ಅದೇ ಯೋಚನೆಯನ್ನು ಹಿಡಿದು ಕುಳಿತಿದ್ದೆ. ಬಲಗಡೆ ಮುಟ್ಟಿದೆ. ಅಲ್ಲಿ ಏನೂ ಇರಲಿಲ್ಲ. ಎಡಗಡೆ ಮುಟ್ಟಲು ಧೈರ್ಯ ಬರಲಿಲ್ಲ.

ಮೂರು ಗಂಟೆಗೆ ಪಡಸಾಲೆಯ ತುದಿಯಲ್ಲಿ ಹೌಸಾಬಾಯಿ ಕಾಣಿಸಿದಳು. ಸೊಂಟದವರೆಗೆ ಸೀರೆ ನೆನೆದಿತ್ತು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಬೆಳಿಗ್ಗೆ ಸ್ನಾನ ಮಾಡಿಸಲು ಬಂದು ಬೀಗ ನೋಡಿ, ನೆರೆಯವರನ್ನು ಕೇಳಿ, ಗಾಡಿ ಹತ್ತಿ ಹುಡುಕಿಕೊಂಡು ಬಂದಿದ್ದಳು. ಡಬ್ಬಿಯಲ್ಲಿ ನನಗೆಂದು ಗಂಜಿ. ಹಾಲೂಡುವವಳು ಹಸಿದಿರಬಾರದು ಎಂದು.

ಅತ್ತೆ ಎದ್ದು ನಿಂತರು. "ಬಂದ್ಯಾ? ನೋಡು ನಿನ್ನ ಕೈ ಗುಣ! ಮಗೂ ತಲೆ ಒಡೆದು ಹಾಕಿದ್ಯಲ್ಲೇ!" ಎಂದು ಕನ್ನಡದಲ್ಲೇ ಕೂಗಿದರು. ಮಾತು ಅರ್ಥವಾಗದಿದ್ದರೂ ಹೌಸಾಬಾಯಿಗೆ ವಿಷಯ ಅರ್ಥವಾಯಿತು. "ಮೀ ದಾಬ್ಲಂ ನಾಯ್" ಎಂದಳು. ನಾನು ಒತ್ತಲಿಲ್ಲ. ಒಂದೇ ಸಲ ಹೇಳಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಮಗುವಿನ ಹೊದಿಕೆ ಸರಿಮಾಡಿದೆ.

ಆ ಹೊತ್ತಿಗೆ ದೊಡ್ಡ ಡಾಕ್ಟರು ಬಂದರು. ಹೆಂಗಸು, ನೆರೆತ ಕೂದಲು, ಚಪ್ಪಲಿಯ ಟಪಟಪ ಸದ್ದು. ಅತ್ತೆ ಕನ್ನಡದಲ್ಲಿ ಕೂಗಾಡುವುದನ್ನು ಕೇಳಿ ನಿಂತು, "ಯಾರವ್ವಾ ಇಲ್ಲಿ ನಮ್ಮ ಮಾತು ಆಡಾವ್ರು?" ಎಂದರು. ಧಾರವಾಡದ ಕಡೆಯವರು. ಎಲ್ಲರನ್ನೂ ಒಳಗೆ ಕರೆದರು. ಹೌಸಾಬಾಯಿ ಬಾಗಿಲಲ್ಲೇ ನಿಂತಳು.

ಅವರು ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಕನ್ನಡಕ ಮೇಲೆತ್ತಿ, ಬಹಳ ಹೊತ್ತು ನೋಡಿದರು. ಆ ಚಿಕ್ಕ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಏನೋ ಅಂದರು. ಆತನ ಕಿವಿ ಕೆಂಪಗಾಯಿತು. ಆಮೇಲೆ ನನ್ನನ್ನು ಹತ್ತಿರ ಕರೆದರು.

"ಇಲ್ನೋಡವ್ವ. ತಲಿ ಅಂದ್ರ ಒಂದ ಎಲುಬಲ್ಲ. ನಾಕಾರು ಎಲುಬು ಕೂಡಿ ಆಗಿರತದ. ಅವು ಕೂಡೂ ಜಾಗಾನ ಇದು. ಎಲ್ಲಾರಿಗೂ ಇರತದ, ನಿನಗೂ ಅದ, ನನಗೂ ಅದ. ಇದು ಒಡದದ್ದಲ್ಲ."

"ಬರೀ ಬಲಗಡೆ ಇದೆಯಲ್ಲಾ?" ಎಂದರು ನಿಮ್ಮ ತಾತ.

"ಕೂಸಿನ ತಲಿ ವಾಲೇದ್ರೀ. ಯಂತ್ರ ತಲೀನ ಬ್ರೆಡ್ಡಿನಂಗ ಹೋಳು ಮಾಡಿ ತೋರಸ್ತದ. ತಲಿ ವಾಲಿದ್ರ ಹೋಳು ಓರೆ ಆಗತಾವ. ಬಲಗಡೆ ಜೋಡಣಿ ಈ ಹೋಳಿನ್ಯಾಗ ಬಂತು. ಎಡಗಡೆದು ಎಲ್ಲಿ ಹೋತು? ಇಲ್ಲದ ನೋಡ್ರಿ, ಮುಂದಿನ ಹೋಳಿನ್ಯಾಗ." ಪಕ್ಕದ ಚಿತ್ರದ ಮೇಲೆ ಬೆರಳಿಟ್ಟರು. ಅಲ್ಲಿ ಎಡಗಡೆ ಅಂಥದೇ ಸೀಳಿತ್ತು. "ಅಂಚು ನಯಾ ಅದ, ಎರಡೂ ಬಾಜೂಕ ಒಂದ ನಮೂನಿ. ಒಡದ ಗೆರಿ ಹಿಂಗಿರೂದಿಲ್ಲ. ಅದು ಚೂಪಾಗಿ, ಸೀದಾ, ಎಲ್ಲಿ ಬೇಕಲ್ಲಿ ಹೋಗತದ. ಮ್ಯಾಲಿನ ಚರ್ಮಾನೂ ಬಾತಿರತದ. ಇಲ್ಲಿ ಬಾವಿಲ್ಲ."

ಅತ್ತೆ ಎರಡೂ ಕೈ ಜೋಡಿಸಿದರು. "ಹಾಗಾದ್ರೆ ಏನೂ ಆಗಿಲ್ವಾ ತಾಯೀ?"

"ಇದರಾಗ ಏನೂ ಕಾಣವಲ್ದು. ವಾಂತಿ ಹೊಟ್ಟೀದ ಇರಬಹುದು. ಮಳಿಗಾಲ. ಕೂಸು ಎಲ್ಲೂ ಬಿದ್ದಿಲ್ಲಲ್ಲಾ?"

"ಇಲ್ಲ" ಎಂದರು ಅತ್ತೆ, ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ. ನಿಮ್ಮ ತಾತ ಒಂದು ದೊಡ್ಡ ಉಸಿರು ಬಿಟ್ಟರು. ಚಿಕ್ಕ ಡಾಕ್ಟರು ಪೊಲೀಸರಿಗೆಂದು ಬರೆದಿಟ್ಟಿದ್ದ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು.

ಎಲ್ಲ ಮುಗಿದುಹೋಗಿತ್ತು, ಮಕ್ಕಳೇ. ಯಾರ ಮೇಲೂ ಅಪವಾದವಿಲ್ಲ. ಮಗುವನ್ನು ಎತ್ತಿಕೊಂಡು ಮನೆಗೆ ಹೊರಟುಬಿಡಬಹುದಿತ್ತು. ನಾನು ಎದ್ದೆ ಕೂಡ. ಎದ್ದಾಗ ಮಗುವಿನ ತಲೆ ನನ್ನ ಅಂಗೈಗೆ ಬಂತು. ಎಡಗಡೆ, ನೆತ್ತಿಯ ಹತ್ತಿರ. ಎರಡು ದಿನದಿಂದ ಮುಟ್ಟದೆ ತಪ್ಪಿಸಿಕೊಂಡ ಜಾಗ. ಮಾಗಿದ ಹಣ್ಣಿನ ಹಾಗೆ ಮೆತ್ತಗಿತ್ತು.

ನಾನು ಏನೋ ಅಂದೆ. ಯಾರಿಗೂ ಕೇಳಿಸಲಿಲ್ಲ. ಡಾಕ್ಟರಮ್ಮ ಬಗ್ಗಿ ಕಿವಿ ಕೊಟ್ಟರು. "ಏನಂದಿ? ದನಿ ಎತ್ತಿ ಹೇಳು."

"ಎಡಗಡೆ" ಎಂದೆ. "ಭಾನುವಾರ. ನನ್ನ ಕೈಯಿಂದ ಜಾರಿ ಬಿತ್ತು. ಮೋರಿ ಕಲ್ಲಿಗೆ. ಎಡಗಡೆ."

ಯಾರ ಮುಖವನ್ನೂ ನಾನು ನೋಡಲಿಲ್ಲ. ಡಾಕ್ಟರಮ್ಮನ ಬೆರಳು ಮಗುವಿನ ಕೂದಲೊಳಗೆ ಹೋಗುವುದನ್ನೇ ನೋಡುತ್ತಿದ್ದೆ. ಅವರು ಮತ್ತೆ ಫಿಲ್ಮಿನ ಹತ್ತಿರ ಹೋಗಿ ತೀರಾ ಕೊನೆಯ ಚಿತ್ರವನ್ನು ನೋಡಿ, "ಹೌದಲ್ಲ. ಚರ್ಮ ಇಲ್ಲಿ ದಪ್ಪದ. ನಾನೂ ನೋಡಿದ್ದಿಲ್ಲ" ಎಂದರು. ಕೂಡಲೇ ಸಾದಾ ಎಕ್ಸ್‌ರೇ ತೆಗೆಸಲು ಕಳಿಸಿದರು.

ಎಕ್ಸ್‌ರೇಯಲ್ಲಿ ಅದು ಕಂಡಿತು. ಎಡಗಡೆ, ಕೂದಲೆಳೆಯಷ್ಟು ತೆಳ್ಳಗಿನ ಒಂದು ಕಪ್ಪು ಗೆರೆ, ಸೀದಾ, ಅಂಚು ಚೂಪಾಗಿ. ಬಲಗಡೆ ಅಂಥದು ಇರಲಿಲ್ಲ. ಅಷ್ಟು ದೊಡ್ಡ ಯಂತ್ರದಲ್ಲಿ ಯಾಕೆ ಕಾಣಲಿಲ್ಲ ಎಂದು ನಿಮ್ಮ ತಾತ ಕೇಳಿದರು. "ಹೋಳು ಅಡ್ಡಡ್ಡ, ಬಿರುಕೂ ಅಡ್ಡಡ್ಡ. ಎರಡು ಹೋಳಿನ ನಡುವ ಜಾರಿ ಹೋಗೇದ. ತಾಯಿ ಹೇಳದಿದ್ರ ನಾನು ನಿಮ್ಮನ್ನ ಮನೀಗೆ ಕಳಸ್ತಿದ್ದೆ" ಎಂದರು. ಒಳಗೆ ರಕ್ತ ಸೋರಿಲ್ಲ, ಎರಡು ದಿನ ಇಲ್ಲೇ ಇಟ್ಟು ಕಣ್ಣಿಡಬೇಕು, ಕೂಸಿನ ಎಲುಬು ತಾನಾಗಿ ಕೂಡಿಕೊಳ್ಳುತ್ತದೆ ಎಂದರು. ಹಾಗೆಯೇ ಆಯಿತು. ನಿಮ್ಮ ಅಪ್ಪನ ತಲೆಯಲ್ಲಿ ಈಗ ಆ ಗೆರೆಯ ಗುರುತೂ ಇರಲಾರದು.

ಎಕ್ಸ್‌ರೇಗೆ ಕಾಯುವಾಗ ಅತ್ತೆ ನನ್ನ ಪಕ್ಕ ಬಂದು ಕುಳಿತರು. ಬೈಗುಳಕ್ಕೆ ಕಾದು ಕತ್ತು ಬಗ್ಗಿಸಿದ್ದೆ. "ನಂಗೆ ಹೇಳಕ್ಕೂ ಅಷ್ಟು ಭಯವೇನೇ ನಿಂಗೆ?" ಎಂದರು. ನಾನು ಹೌದು ಎಂದೆ. ನಿಮ್ಮ ತಾತ ಹೊರಗೆ ಹೋಗಿ ಮಳೆ ನೋಡುತ್ತಾ ನಿಂತರು. ಒಂದು ವಾರ ನನ್ನೊಡನೆ ಅಗತ್ಯವಿದ್ದಷ್ಟೇ ಮಾತಾಡಿದರು.

ಹೌಸಾಬಾಯಿ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟಳು. ನಾನು ಮುರುಕು ಮರಾಠಿಯಲ್ಲಿ, ನಿನಗೆ ಗೊತ್ತಿತ್ತಲ್ಲವೇ ಎಂದು ಕೇಳಿದೆ. ಕೈಗೆ ಸಿಕ್ಕಿದ ಮೇಲೆ ಗೊತ್ತಾಗದೆ ಇರುತ್ತದೆಯೇ ಎಂದಳು. ನೀನೇ ಹೇಳುತ್ತೀ ಎಂದು ಒಂದು ದಿನ ಬಿಟ್ಟೆ, ಇವತ್ತು ನಿನ್ನ ಅತ್ತೆಗೆ ಹೇಳೋಣವೆಂದೇ ಬಂದೆ, ಬೀಗ ಹಾಕಿತ್ತು ಎಂದಳು. ಡಾಕ್ಟರಿಗೆ ಹೇಳಲೆಂದು ಅಷ್ಟು ನೀರಿನಲ್ಲಿ ಬೈಕುಲ್ಲಾದವರೆಗೆ ಬಂದಿದ್ದಳು. ಹಾಗಾದರೆ ಅತ್ತೆ ಕೂಗಿದಾಗ ಯಾಕೆ ಸುಮ್ಮನಿದ್ದೆ ಎಂದೆ. ಆಗ ಹೇಳಿದ್ದರೆ ತಪ್ಪಿಸಿಕೊಳ್ಳಲು ಸೊಸೆಯ ಮೇಲೆ ಹಾಕಿದಳು ಎನ್ನುತ್ತಿದ್ದರು, ಯಾರು ನಂಬುತ್ತಿದ್ದರು ಎಂದಳು. ನಾನು ಗಂಜಿ ಕುಡಿಯುವವರೆಗೆ ಕಾದು, ಡಬ್ಬಿ ತೊಳೆದು ತೆಗೆದುಕೊಂಡು ಹೋದಳು.

ನಾವು ಮನೆಗೆ ಬಂದ ಮೇಲೆ ಅತ್ತೆ ತಾವೇ ಅವಳ ಚಾಳಿಗೆ ಹೋಗಿ ಕರೆದರು. ಅವಳು ಬರಲಿಲ್ಲ. ಕೈಯ ಮೇಲೆ ಒಂದು ಸಲ ಅನುಮಾನ ಬಂದ ಮನೆಯಲ್ಲಿ ಕೂಸನ್ನು ಕಾಲಿನ ಮೇಲೆ ಹಾಕಿಕೊಳ್ಳಲಾರೆ ಎಂದಳಂತೆ. ಮುಂದಿನ ಭಾನುವಾರ ಅತ್ತೆ ಮೋರಿಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತು, "ಹಾಕು ನೀರು. ನಾನು ಟವೆಲ್ ಹಿಡ್ಕೋತೀನಿ" ಎಂದರು. ಅಂದಿನಿಂದ ನಿಮ್ಮ ಅಪ್ಪನಿಗೆ ನಾನೇ ನೀರು ಹಾಕಿದೆ.

ಆಸ್ಪತ್ರೆಯಿಂದ ಬಿಡುವ ದಿನ ನಾನು ಕೇಸ್ ಪೇಪರನ್ನು ನೋಡಿದೆ. ಇಂಗ್ಲಿಷು ಓದಲು ಬಾರದು, ಆದರೆ ಅವಳ ಹೆಸರಿನ ಅಕ್ಷರಗಳನ್ನು ಕೂಡಿಸಿ ಓದಿದೆ. ಬಲಗಡೆಯ ಗೆರೆ ಫ್ರ್ಯಾಕ್ಚರ್ ಅಲ್ಲವೆಂದು ಡಾಕ್ಟರಮ್ಮ ಕೆಳಗೆ ಬರೆದಿದ್ದರಂತೆ. ಮಾಲೀಶ್ ಬಾಯಿ ತಲೆ ಒತ್ತಿದಳು ಎಂದು ಮೇಲೆ ಬರೆದದ್ದು ಹಾಗೆಯೇ ಇತ್ತು. ಅದನ್ನು ಹೊಡೆದುಹಾಕಿ ಎಂದು ಕೇಳಬೇಕೆನಿಸಿತು. ಕೌಂಟರಿನಲ್ಲಿ ಜನ ತುಂಬಿದ್ದರು. ನನಗೆ ಬಾಯಿ ಬರಲಿಲ್ಲ.

ಆ ಕಾಗದ ಈಗ ಎಲ್ಲಿದೆಯೋ, ಇದೆಯೋ ಇಲ್ಲವೋ. ಹೌಸಾಬಾಯಿಯೂ ಇಲ್ಲ, ಅತ್ತೆಯೂ ಇಲ್ಲ, ನಿಮ್ಮ ತಾತನೂ ಇಲ್ಲ. ಅವಳು ಒತ್ತಲಿಲ್ಲ ಎಂದು ಬರೆದಿರುವುದು ಇದೊಂದರಲ್ಲೇ. ನಿಮ್ಮ ಅಪ್ಪನಿಗೂ ನಾನು ಇದುವರೆಗೆ ಹೇಳಿಲ್ಲ, ನೀವು ಓದಿ ಹೇಳಿ. ಅವನು ಬೈದರೆ ಬೈಯಲಿ. ಆಮೇಲೆ ಈ ಹಾಳೆಗಳನ್ನು ಎಸೆಯಬೇಡಿ, ನಿಮ್ಮ ಜಾತಕ, ಶಾಲೆಯ ಸರ್ಟಿಫಿಕೇಟುಗಳ ಜೊತೆಯಲ್ಲಿ ಜೋಪಾನವಾಗಿ ಇಡಿ.